ಕನಿಷ್ಠಿಕಾ ಮೀಮಾಂಸೆ ಅಥವಾ ತರಗತಿಯಿಂದ ಹೊರಹೋಗುವ ಅಪ್ಪಣೆಯ ಶಾಸ್ತ್ರ

ಅಧ್ಯಾಯ 1: ಪ್ರಸ್ತಾವನೆ, ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಅಪ್ಪಣೆ ಎಂಬ ಪರಿಕಲ್ಪನೆಯು ನಮ್ಮ ಸಾಂಸ್ಕೃತಿಕ ಸಂದರ್ಭದಲ್ಲಿ ಪಡೆದುಕೊಂಡ ಸ್ಥಿತ್ಯಂತರಗಳನ್ನು ಗುರುತಿಸುವ, ಗುರುತಿಸುತ್ತಲೇ ಅವುಗಳೊಡನೆ ಅನುಸಂಧಾನ ನಡೆಸುವ, ಅನುಸಂಧಾನ ನಡೆಸುತ್ತಲೇ ಅವುಗಳಿಗೆ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಅರಸನ ಅಪ್ಪಣೆ, ಮಠದ ಅಪ್ಪಣೆ, ದೇವರ ಬಲಗಡೆಯಿಂದ ಹೂ ಬಿದ್ದರೆ ಸಿಗುವ ಅಪ್ಪಣೆ, ಇವೆಲ್ಲದರ ಬಗ್ಗೆ ವಿಚಾರ ಸಂಕಿರಣಗಳಾಗಿವೆ, ಊಟವೂ ಚೆನ್ನಾಗಿತ್ತು. ಆದರೆ ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬ ಕನ್ನಡಿಗನೂ ತನ್ನ ಬಾಳಿನ ಮೊತ್ತಮೊದಲ ಅರ್ಜಿಯನ್ನು ಕಿರುಬೆರಳೆತ್ತಿ ಸಲ್ಲಿಸಿದ್ದಾನೆ ಎಂಬ ಸಂಗತಿಯನ್ನು ಮಾತ್ರ ನಮ್ಮ ವಿದ್ವತ್ ವಲಯ ಮೂಗು ಮುಚ್ಚಿಕೊಂಡು ದಾಟಿ ಹೋಗಿದೆ.

ಈ ಕೊರತೆಯನ್ನು ತುಂಬುವ ಹೊಣೆ ನನ್ನ ಹೆಗಲಿಗೆ ಬಿದ್ದದ್ದು ಒಂದು ಖಾಸಗಿ ಶಾಲೆಯ ಪೋಷಕರ ಸಭೆಯಲ್ಲಿ. ಕತ್ತಿಗೆ ಟ್ಯಾಗು ತೂಗುಹಾಕಿಕೊಂಡಿದ್ದ ಸಲಹೆಗಾರರೊಬ್ಬರು ಪರದೆಯ ಮೇಲೆ 'ಬಯಾಲಜಿಕಲ್ ಬ್ರೇಕ್ ಮ್ಯಾನೇಜ್‌ಮೆಂಟ್ ಪ್ರೋಟೋಕಾಲ್' ಎಂಬ ಶೀರ್ಷಿಕೆ ಮೂಡಿಸಿ, ಮಕ್ಕಳಲ್ಲಿ ಸ್ವನಿಯಂತ್ರಣದ ಸಾಮರ್ಥ್ಯವನ್ನು ಹಂತಹಂತವಾಗಿ ವರ್ಧಿಸುವ ಬಗೆಯನ್ನು ಬಾಣದ ಗುರುತುಗಳ ಸಮೇತ ವಿವರಿಸಿದರು. ಬೋಧನಾ ಅವಧಿಯ ಅಖಂಡತೆ, ಕಲಿಕಾ ಸಮಯದ ಸೋರಿಕೆ, ಗೈರು-ಮಿನಿಟುಗಳು ಎಂಬ ಮಾತುಗಳು ಬಂದವು. ನನ್ನ ಪಕ್ಕದಲ್ಲಿ ಮೊಮ್ಮಗನ ಪರವಾಗಿ ಬಂದಿದ್ದ ಅಜ್ಜಿಯೊಬ್ಬರು ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ನನ್ನ ಕಡೆ ವಾಲಿ, "ಅಂದ್ರೆ ಮಕ್ಳನ್ನ ಉಚ್ಚೆಗೆ ಬಿಡಲ್ಲ ಅಂತಾನೇನಪ್ಪಾ?" ಎಂದರು. ಹೌದೆಂದೆ. "ಅದನ್ನ ಹೇಳಕ್ಕೆ ಇಷ್ಟೊಂದು ಚಿತ್ರ ಯಾಕೆ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟೊಂದು ಚಿತ್ರ ಬರೆಯಬಹುದಾದರೆ ಇಷ್ಟೊಂದು ಶಾಸ್ತ್ರವನ್ನೂ ಬರೆಯಬಹುದು ಎಂಬ ಧೈರ್ಯ ಬಂತು.

ಅಧ್ಯಯನದ ವ್ಯಾಪ್ತಿ: ಕನ್ನಡ ನಾಡಿನ ತರಗತಿಗಳು, ಎಲ್‌ಕೆಜಿಯಿಂದ ಹತ್ತನೆಯವರೆಗೆ. ಕಾಲೇಜಿನವರು ಕೇಳದೆ ಹೋಗುತ್ತಾರಾದ್ದರಿಂದ ಅವರು ಶಾಸ್ತ್ರದ ಹೊರಗೆ. ಅಧ್ಯಯನದ ಮಿತಿ: ಬಾಗಿಲಿನ ತನಕ. ಬಾಗಿಲಿನ ಆಚೆ ಏನಿದೆ ಎಂಬುದನ್ನು ನೋಡುವುದಿಲ್ಲವೆಂದು ಮೊದಲು ನಿರ್ಧರಿಸಲಾಗಿತ್ತು.

ಅಧ್ಯಾಯ 2: ಲಕ್ಷಣ ಪ್ರಕರಣ

ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ತರಗತಿಯಲ್ಲಿ ಲಘುವಿಗೆ ಒಂದು ಬೆರಳು, ಗುರುವಿಗೆ ಎರಡು ಬೆರಳು. 'ಛಂದೋಂಬುಧಿ'ಯ ನಾಗವರ್ಮ ಈ ಸಾಮ್ಯವನ್ನು ಗಮನಿಸದೆ ಬಿಟ್ಟದ್ದು ಶಾಲೆಗೆ ಹೋಗುವ ಮಕ್ಕಳ ಸಂಪರ್ಕ ಕಡಿಮೆಯಿದ್ದುದರಿಂದ ಇರಬೇಕು. ಮೂರು ಮಾತ್ರೆಯ ಪ್ಲುತವೂ ನಮ್ಮಲ್ಲಿ ಉಂಟು. ಎತ್ತಿದ ಬೆರಳು ಕಪ್ಪುಹಲಗೆಯ ಕಡೆ ತಿರುಗಿದವರಿಗೆ ಕಾಣದೆ ಹೋದಾಗ, ಹಿಂದಿನ ಬೆಂಚಿನಿಂದ ಏಳುವ "ಸಾ...ರ್" ಎಂಬ ಸ್ವರವೇ ಪ್ಲುತ. ದೂರದವರನ್ನು ಕರೆಯುವಾಗ ಪ್ಲುತ ಬರುತ್ತದೆಂದು ವ್ಯಾಕರಣ ಹೇಳುತ್ತದೆ. ಆ ಹೊತ್ತಿನಲ್ಲಿ ಮೇಷ್ಟ್ರು ಬಹಳ ದೂರದವರೇ.

ಪ್ರಾದೇಶಿಕ ಭೇದಗಳನ್ನು ಗಮನಿಸಿದರೆ, ಧಾರವಾಡದ ಕಡೆ ಇದು ಏಕಿ. "ಏಕಿ ಹೋಗಿ ಬರ್ತೇನ್ರಿ ಸರ" ಎಂದರೆ ಅರ್ಜಿ ಪೂರ್ಣ. ಹಳೇ ಮೈಸೂರಿನ ಕಡೆ ಸಣ್ಣ ಬಿಡುವಿಗೆ "ಒಂದಕ್ಕೆ ಬಿಟ್ಟರು" ಎಂದೇ ಹೆಸರು. ಬಿಡುವು ಇರುವುದು ಯಾತಕ್ಕೆಂದು ಆಗಿನವರಿಗೆ ಸಂಶಯವಿರಲಿಲ್ಲ.

ಕನಿಷ್ಠಿಕೆಯನ್ನು, ಅರ್ಥಾತ್ ಕಿರುಬೆರಳನ್ನು, ಎತ್ತುವ ಮುದ್ರೆಗಳು ಹದಿನಾರು. ಉತ್ಥಿತ: ಮೊಣಕೈ ನೆಟ್ಟಗೆ, ಬೆರಳು ಆಕಾಶಕ್ಕೆ, ಇದು ಪ್ರಾಮಾಣಿಕರ ಮುದ್ರೆ. ಕಂಪಿತ: ಬೆರಳು ನಡುಗುತ್ತದೆ, ವ್ಯಾಖ್ಯಾನ ಬೇಕಿಲ್ಲ. ಭ್ರಮಿತ: ಬೆರಳು ಚಕ್ರಾಕಾರ ತಿರುಗುತ್ತದೆ, ಮುಖದಲ್ಲಿ ನಗುವಿದೆ; ಇವನು ಪಕ್ಕದ ಸೆಕ್ಷನ್ನಿನ ಗೆಳೆಯನನ್ನು ನಲ್ಲಿಯ ಬಳಿ ಕಾಣಲು ಹೊರಟವನು. ಗೂಢ: ಬೆರಳು ಡೆಸ್ಕಿನ ಕೆಳಗೆ, ಪಕ್ಕದವಳಿಗೆ ಮಾತ್ರ ಕಾಣುವಂತೆ. ಇದು ಆರನೇ ತರಗತಿ ದಾಟಿದ ಹುಡುಗಿಯರದು, ಮೇಷ್ಟ್ರು ಗಂಡಸಾಗಿದ್ದರೆ. ಉಳಿದ ಹನ್ನೆರಡನ್ನು ಆಸಕ್ತರು ತಾವೇ ಊಹಿಸಿಕೊಳ್ಳಬಹುದು. ನಾನು ಹದಿನಾರು ಎಂದದ್ದು ಸಂಖ್ಯೆ ಚೆನ್ನಾಗಿ ಕೇಳಿಸುತ್ತದೆಂದು.

ಅಧ್ಯಾಯ 3: ಪ್ರಮಾಣ ವಿಚಾರ

ಇದು ಪ್ರಬಂಧದ ತಿರುಳು. ಒಂದು ಮಗು ಎದ್ದು ನಿಂತು ತನಗೆ ಅವಸರವಿದೆ ಎನ್ನುತ್ತದೆ. ಅದು ನಿಜವೆಂದು ತಿಳಿಯುವುದು ಹೇಗೆ? ನಮ್ಮ ಶಿಕ್ಷಣ ಶಾಸ್ತ್ರದ ಡಿಗ್ರಿಗಳಲ್ಲಿ ನ್ಯಾಯದರ್ಶನ ಪಠ್ಯವಲ್ಲದಿದ್ದರೂ ನಮ್ಮ ಅಧ್ಯಾಪಕರು ಹುಟ್ಟಾ ನೈಯಾಯಿಕರು. ಗೌತಮನ ನ್ಯಾಯಸೂತ್ರ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ನಾಲ್ಕನ್ನೂ ಒಬ್ಬ ಮೂರನೇ ತರಗತಿಯ ಹುಡುಗನ ಮೇಲೆ ಪ್ರಯೋಗಿಸುವುದನ್ನು ಯಾವ ಗಣಿತದ ಪೀರಿಯಡ್ಡಿನಲ್ಲಾದರೂ ಕಾಣಬಹುದು.

ಮೊದಲು ಶಬ್ದಪ್ರಮಾಣ, ಎಂದರೆ ಆಪ್ತನ ಮಾತು. ನಂಬಿಕೆಗೆ ಅರ್ಹನಾದವನು ಆಪ್ತ. ಮಗು ಆಪ್ತನಲ್ಲ, ಇದರಲ್ಲಿ ಎಲ್ಲ ಪಂಥಗಳಿಗೂ ಒಮ್ಮತವಿದೆ. ತಂದೆಯ ಚೀಟಿ ಅರ್ಧ ಆಪ್ತ. ವೈದ್ಯರ ಪತ್ರ ಪೂರ್ಣ ಆಪ್ತ; ಮೂಳೆ ಡಾಕ್ಟರರ ಲೆಟರ್‌ಹೆಡ್ ಆದರೂ ನಡೆಯುತ್ತದೆ. ಹೀಗೆ ಮೂತ್ರಕೋಶವು ಯಾರ ಹೊಟ್ಟೆಯಲ್ಲಿದೆಯೋ ಅವರನ್ನೊಬ್ಬರನ್ನು ಬಿಟ್ಟು ಮಿಕ್ಕೆಲ್ಲರೂ ಅದರ ವಿಷಯದಲ್ಲಿ ಸಾಕ್ಷಿ ನುಡಿಯಬಹುದು.

ಉಪಮಾನ: "ನಿಮ್ಮಣ್ಣನೂ ಹೀಗೇ ಮಾಡ್ತಿದ್ದ." ಮುಂದೆ ಹೋಗೋಣ.

ಅನುಮಾನ. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ, ಅಡುಗೆಮನೆಯಲ್ಲಿ ಕಾಣುವಂತೆ ಎಂಬ ಪಂಚಾವಯವ ವಾಕ್ಯ ಪ್ರಸಿದ್ಧ. ನಮ್ಮ ಬಾಲಕನು ಮಾತಿಲ್ಲದೆ ಮಂಡಿಸುವ ವಾಕ್ಯವೂ ಐದು ಅವಯವಗಳದೇ. ಪ್ರತಿಜ್ಞೆ: ಈ ಬಾಲಕನಿಗೆ ಅವಸರವಿದೆ. ಹೇತು: ಮೊಣಕಾಲುಗಳು ಒಂದಕ್ಕೊಂದು ಅಂಟಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಮೊಣಕಾಲು ಅಂಟಿರುತ್ತದೋ ಅಲ್ಲಲ್ಲಿ ಅವಸರ, ಹೋದ ಶುಕ್ರವಾರದ ಎರಡನೇ ಬೆಂಚಿನವನಂತೆ. ಉಪನಯ: ಇವನೂ ಹಾಗೆಯೇ ನಿಂತಿದ್ದಾನೆ. ನಿಗಮನ: ಆದ್ದರಿಂದ, ಸಾರ್, ದಯವಿಟ್ಟು.

ಅಧ್ಯಾಪಕರು ಇದಕ್ಕೆ ಹೇತ್ವಾಭಾಸವನ್ನು ತೋರಿಸುತ್ತಾರೆ. ಹೇತುವು ಸವ್ಯಭಿಚಾರ: ಹೋಮ್‌ವರ್ಕ್ ಮಾಡದವರ ಮೊಣಕಾಲೂ ಅಂಟುತ್ತದೆ. ಇದರ ಬೆನ್ನಿಗೆ ಕಾಲವಾದ: "ಈಗ ತಾನೇ ಇಂಟರ್‌ವಲ್ ಮುಗೀತಲ್ಲ, ಆಗ ಏನ್ ಮಾಡ್ತಿದ್ದೆ?" ಅದರ ಬೆನ್ನಿಗೆ ಸಂಕ್ರಾಮಿಕ ವಾದ: "ಒಬ್ಬನ್ನ ಬಿಟ್ರೆ ಎಲ್ಲರಿಗೂ ಬರುತ್ತೆ." ಕೊನೆಯದು ಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಗಟ್ಟಿಯಾದದ್ದು, ನಿಜವಾಗಿಯೂ ಎಲ್ಲರಿಗೂ ಬರುತ್ತದೆ. ಸುಳ್ಳು ಹೇಳಿ ಹೋಗುವವರಿದ್ದಾರೆ ಎಂಬ ಪೂರ್ವಪಕ್ಷವನ್ನೂ ತಳ್ಳಿಹಾಕುವಂತಿಲ್ಲ. ಸಮಾಸ ಬಿಡಿಸಲು ಸರದಿಯ ಮೇಲೆ ಎಬ್ಬಿಸುವ ದಿನ, ಸರದಿ ಎರಡು ಬೆಂಚು ದೂರವಿರುವಾಗ ಸರಿಯಾಗಿ ಅವಸರವಾಗುವ ಮೂತ್ರಕೋಶಗಳು ನಾಡಿನಾದ್ಯಂತ ಇವೆ. ಅವರು ನಲ್ಲಿ ತಿರುಗಿಸಿ, ಒದ್ದೆ ಕೈಯಿಂದ ಗೋಡೆಯ ಮೇಲೆ ಚಿತ್ರ ಬರೆದು, ತತ್ಪುರುಷ ದಾಟಿ ಬಹುವ್ರೀಹಿಗೆ ಬಂದಿರುವಾಗ ಮರಳುತ್ತಾರೆ. ಇದರಿಂದ ಸಮಾಸಕ್ಕೆ ಆಗುವ ನಷ್ಟವೆಷ್ಟು ಎಂದು ಯಾರಾದರೂ ಲೆಕ್ಕ ಹಾಕಬೇಕು.

ಉಳಿದದ್ದು ಪ್ರತ್ಯಕ್ಷ. ಇದೊಂದೇ ನಿರ್ವಿವಾದ ಪ್ರಮಾಣ. ಆದರೆ ಪ್ರತ್ಯಕ್ಷ ಒದಗುವ ಹೊತ್ತಿಗೆ ಪ್ರಮೇಯವೇ ಮುಗಿದಿರುತ್ತದೆ. ಬೆಂಚಿನ ಕಾಲಿನ ಬುಡದಿಂದ ಹೊರಟ ಸಣ್ಣ ಗೆರೆ ಇಳಿಜಾರು ಹುಡುಕಿಕೊಂಡು ಮುಂದಿನ ಬೆಂಚಿನವರ ಬ್ಯಾಗಿನ ಕಡೆ ಹೋಗುತ್ತದೆ. ಮೊದಲು ಒಬ್ಬಳು ಕಾಲೆತ್ತುತ್ತಾಳೆ. ಆಮೇಲೆ ನಗು. ಆಯಾ ಬಂದು ಮರದ ಪುಡಿಯನ್ನೋ ಬ್ಲೀಚಿಂಗ್ ಪೌಡರನ್ನೋ ಚೆಲ್ಲುತ್ತಾಳೆ, ಯಾರದೋ ಹಳೇ ಚಡ್ಡಿ ತರುತ್ತಾಳೆ, ಸೊಂಟಕ್ಕೆ ದೊಡ್ಡದಾಗುವುದರಿಂದ ಅವನು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆಯುತ್ತಾನೆ. ಅಡ್ಡಹೆಸರು ಅವನಿಗಿಂತ ಮೊದಲೇ ಬೀದಿ ತಲುಪಿರುತ್ತದೆ. ಅಧ್ಯಾಪಕರು ಹೇಳುವ ಮಾತು: "ಅಷ್ಟು ಅರ್ಜೆಂಟ್ ಇದ್ರೆ ಹೇಳೋಕಾಗ್ತಿರ್ಲಿಲ್ವಾ?"

ಹೇಳಿದ್ದ. ಐದು ಅವಯವಗಳಲ್ಲಿ ಹೇಳಿದ್ದ.

ಅಧ್ಯಾಯ 4: ಭಾಷಾವೈಜ್ಞಾನಿಕ ನೆಲೆಗಳು

ನಗರದ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಕನ್ನಡದ ಮಗು ಕಲಿಯುವ ಮೊದಲ ಪೂರ್ಣ ಇಂಗ್ಲಿಷ್ ವಾಕ್ಯ ಯಾವುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. "ಮೇ ಐ ಗೋ ಟು ದ ವಾಶ್‌ರೂಂ ಪ್ಲೀಸ್ ಮಿಸ್." ಜಗತ್ತಿನ ಅಷ್ಟು ದೊಡ್ಡ ಭಾಷೆಯ ಹೆಬ್ಬಾಗಿಲನ್ನು ನಮ್ಮ ಮಕ್ಕಳು ತೊಡೆ ಬಿಗಿಹಿಡಿದುಕೊಂಡು ದಾಟುತ್ತಾರೆ.

ಫೀಸು ಕಟ್ಟಲು ಕಾಯುತ್ತ ಕಾರಿಡಾರಿನಲ್ಲಿ ಕುಳಿತಿದ್ದಾಗ ಕಿಟಕಿಯ ಒಳಗೆ ನಡೆದದ್ದು ಹೀಗೆ. ಯುಕೆಜಿಯ ಹುಡುಗಿ, ಎರಡು ಜುಟ್ಟು, ಒಂದು ಬಿಚ್ಚಿಹೋಗಿದೆ. "ಮಿಸ್, ಸುಸು." "ಇನ್ ಇಂಗ್ಲಿಷ್." ಹುಡುಗಿ ಯೋಚಿಸಿದಳು. "ಮಿಸ್, ಸುಸು ಕಮಿಂಗ್." ತರಗತಿ ಕಿಸಕ್ಕೆಂದಿತು. "ಫುಲ್ ಸೆಂಟೆನ್ಸ್." "ಕ್ಯಾನ್ ಐ..." "ಕ್ಯಾನ್ ಅಲ್ಲ, ಮೇ." "ಮೇ ಐ ಗೋ ವಾಶ್‌ರೂಂ..." "ಟು ದ ವಾಶ್‌ರೂಂ." ಹುಡುಗಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಮತ್ತೆ ಮೊದಲಿಂದ ಶುರುಮಾಡಿದಳು. ಅಷ್ಟರಲ್ಲಿ ಕೌಂಟರಿನಲ್ಲಿ ನನ್ನ ಸರದಿ ಬಂತು. ಮುಂದೇನಾಯಿತೋ ನೋಡಲಿಲ್ಲ, ರಸೀದಿ ಹರಿದುಕೊಡುವಾಗಲೂ ಒಳಗಿನಿಂದ "ಪ್ಲೀಸ್ ಎಲ್ಲಿ?" ಎಂಬ ಸ್ವರ ಕೇಳಿಸುತ್ತಿತ್ತು.

ಭಾಷೆ ಮತ್ತು ಅಧಿಕಾರದ ಸಂಬಂಧದ ಬಗ್ಗೆ, ಯಜಮಾನಿಕೆಯ ಸಂಕಥನದ ಬಗ್ಗೆ ಇಲ್ಲಿ ಎಂಟು ಪುಟ ಬರೆಯುವ ಅವಕಾಶವಿದೆ. ಬರೆಯುವುದಿಲ್ಲ. ಐದು ವರ್ಷದ ಮಗುವಿಗೆ ಸುಸು ಬಂದಿದೆ ಎಂದು ಇಡೀ ಕೋಣೆಗೆ ಗೊತ್ತಾಗಿದೆ. ಇನ್ನೇನು ಗೊತ್ತಾಗಬೇಕಿತ್ತು?

ಅಧ್ಯಾಯ 5: ಪಾಸ್ ಪ್ರಕರಣ ಹಾಗೂ ಗಣಿತ ಸ್ಕಂಧ

ಪೋಷಕರ ಸಭೆಯ ಪ್ರೋಟೋಕಾಲ್ ಜಾರಿಗೆ ಬಂದ ಮೇಲೆ ಪ್ರತಿ ಮಗುವಿಗೂ ಟರ್ಮಿಗೆ ಒಂದು ಕಾರ್ಡು ಕೊಟ್ಟರು. ಪ್ರತಿ ಸಲ ಹೊರಗೆ ಹೋದಾಗ ಕಾರ್ಡಿನ ಅಂಚಿಗೆ ಒಂದು ತೂತು. ತೂತು ಮುಗಿದವರು ಡೈರಿಯಲ್ಲಿ ತಂದೆಯ ಸಹಿ ತರಬೇಕು. ತೂತೇ ಇಲ್ಲದ ಕಾರ್ಡನ್ನು ಹಿಂದಿರುಗಿಸಿದವರಿಗೆ ನಕ್ಷತ್ರ. ಬ್ರಹ್ಮಚರ್ಯಕ್ಕೂ ಉಪವಾಸಕ್ಕೂ ಫಲಶ್ರುತಿಯಿರುವ ನಾಡಿನಲ್ಲಿ ಮೂತ್ರನಿರೋಧಕ್ಕೆ ಒಂದು ನಕ್ಷತ್ರ ಹೆಚ್ಚಲ್ಲ.

ಬಾಗಿಲ ಬಳಿ ಒಂದು ರಿಜಿಸ್ಟರು. ಕಾಲಂಗಳು: ಕ್ರಮಸಂಖ್ಯೆ, ಹೆಸರು, ಹೊರಟ ಸಮಯ, ಮರಳಿದ ಸಮಯ, ಕಾರಣ, ಸಹಿ. ಕಾರಣದ ಕಾಲಮ್ಮಿನಲ್ಲಿ ಮೊದಲ ಸಾಲಿಗೆ 'ಟಾಯ್ಲೆಟ್' ಎಂದಿದೆ, ಅಲ್ಲಿಂದ ಪುಟದ ಕೊನೆಯವರೆಗೂ ಡಿಟ್ಟೊ. ನಡುವೆ ಒಬ್ಬ ಮಾತ್ರ 'ಅರ್ಜೆಂಟ್' ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದಾನೆ. ಎಷ್ಟೋ ರೆಕಾರ್ಡುಗಳನ್ನು ಓದಿದ್ದೇನೆ. ಅಷ್ಟು ಪ್ರಾಮಾಣಿಕವಾದ ದಾಖಲೆ ಅಪರೂಪ.

ಇನ್ನು ಗಣಿತ. ಮಕ್ಕಳ ಮೂತ್ರಕೋಶದ ಸಾಮರ್ಥ್ಯವನ್ನು ಅಂದಾಜಿಸಲು ವೈದ್ಯರು ಬಳಸುವ ಸರಳ ಸೂತ್ರವೊಂದಿದೆ: ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿದರೆ ಮಿಲಿಲೀಟರಿನಲ್ಲಿ ಉತ್ತರ. ಎಂಟು ವರ್ಷದ ಮಗುವಿಗೆ 270. ಮನೆಯ ಒಂದು ದೊಡ್ಡ ಲೋಟ. ಅದೇ ಮಗುವಿನ ಬ್ಯಾಗಿನಲ್ಲಿ ಶಾಲೆಯೇ ಕಡ್ಡಾಯ ಮಾಡಿರುವ ನೀರಿನ ಬಾಟಲಿ ಒಂದು ಲೀಟರಿನದು. ಲೋಟ ತುಂಬಿ ತುಳುಕುವ ಹೊತ್ತಿಗಲ್ಲ, ಅದಕ್ಕೆ ಬಹಳ ಮೊದಲೇ ಒಳಗಿನಿಂದ ಸೂಚನೆ ಬರುತ್ತದೆ. ಸೂಚನೆಯನ್ನು ದಿನಾ ಅದುಮುತ್ತ ಹೋದರೆ ಸ್ನಾಯು ತಪ್ಪು ಪಾಠ ಕಲಿಯುತ್ತದೆ, ಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಉಳಿದದ್ದರಲ್ಲಿ ಸೋಂಕು ಮನೆ ಮಾಡುತ್ತದೆ. ದಿನಕ್ಕೆ ನಾಲ್ಕರಿಂದ ಏಳು ಸಲ ಹೋಗುವುದು ಮಕ್ಕಳಲ್ಲಿ ಸಹಜ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅವರ ಮಾತಿಗೆ ಪರದೆಯ ಮೇಲೆ ಬಾಣದ ಗುರುತುಗಳಿಲ್ಲ.

'ಕಾಲ ಮತ್ತು ಕೆಲಸ' ಪಾಠಕ್ಕೆ ಒಂದು ಮಾದರಿ ಲೆಕ್ಕ: ಒಂದು ಶಾಲೆಯಲ್ಲಿ 300 ಹುಡುಗಿಯರಿದ್ದಾರೆ, 4 ಕಕ್ಕಸುಗಳಿವೆ, ಬಿಡುವು 10 ನಿಮಿಷ. ಎಲ್ಲರೂ ಬಿಡುವಿನಲ್ಲೇ ಮುಗಿಸಬೇಕಾದರೆ ಒಬ್ಬಳಿಗೆ ಸಿಗುವ ಸಮಯವೆಷ್ಟು? ಉತ್ತರ: 8 ಸೆಕೆಂಡು. ಚಿಲಕ ಹಾಕುವುದು, ಲಂಗ ಎತ್ತಿಕೊಳ್ಳುವುದು, ನೀರು ಹಾಕುವುದು, ಕೈ ತೊಳೆಯುವುದು ಇದರಲ್ಲೇ ಸೇರಿದೆ. "ಇಂಟರ್‌ವಲ್‌ನಲ್ಲಿ ಏನ್ ಮಾಡ್ತಿದ್ದೆ?" ಎಂಬ ಕಾಲವಾದಕ್ಕೆ ಇದೇ ಖಂಡನೆ. ಸಾಲಿನಲ್ಲಿ ನಿಂತಿದ್ದೆ, ಮಿಸ್.

ಅಧ್ಯಾಯ 6, 7 ಮತ್ತು ಬಹುಶಃ 8: ವೇಗಧಾರಣ ಪ್ರಕರಣ

ಅರ್ವಾಚೀನರನ್ನು ನಂಬದವರಿಗಾಗಿ ಪ್ರಾಚೀನರು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ತಡೆಯಬಾರದ ವೇಗಗಳನ್ನು ಎಣಿಸುತ್ತದೆ. ಒಟ್ಟು ಹದಿಮೂರು: ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿವಿನ ಏದುಸಿರು. ಮೂರನೆಯದನ್ನು ಪ್ರಾಥಮಿಕ ಶಾಲೆಯ ಮಟ್ಟಿಗೆ ಕೈಬಿಡೋಣ. ಉಳಿದ ಹನ್ನೆರಡರಲ್ಲಿ ನಮ್ಮ ತರಗತಿಗಳು ಶಿಸ್ತಿನ ಹೆಸರಿನಲ್ಲಿ ತಡೆಯದೆ ಬಿಟ್ಟದ್ದು ವಾಂತಿಯೊಂದನ್ನೇ. ಅದು ಅಪ್ಪಣೆ ಕೇಳದೆ ಬರುತ್ತದೆ. ಮೂತ್ರವನ್ನು ತಡೆದವನಿಗೆ ಕಿಬ್ಬೊಟ್ಟೆಯ ನೋವು, ತಲೆನೋವು, ಮೈ ಬಾಗುವಿಕೆ ಎಂದೆಲ್ಲ ಚರಕ ಪಟ್ಟಿ ಮಾಡುತ್ತಾನೆ. ಮೂರನೇ ಬೆಂಚಿನಲ್ಲಿ ಮೈ ಬಾಗಿಸಿ ಕುಳಿತವನಿಗೆ ನಾವು "ನೆಟ್ಟಗೆ ಕೂತ್ಕೋ" ಎನ್ನುತ್ತೇವೆ.

ಅದೇ ಅಧ್ಯಾಯ ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ: ಲೋಭ, ಕ್ರೋಧ, ಈರ್ಷ್ಯೆ, ಅಹಂಕಾರ. ಇವುಗಳಿಗೆ ಯಾವ ಶಾಲೆಯಲ್ಲೂ ಪಾಸು ಬೇಕಿಲ್ಲ.

ಸರಕಾರವೂ ಸುಮ್ಮನೆ ಕುಳಿತಿಲ್ಲ. ಮಕ್ಕಳು ಶಾಲೆಯಲ್ಲಿ ನೀರು ಕುಡಿಯುತ್ತಿಲ್ಲವೆಂದು ಕೇರಳದಲ್ಲಿ ಶುರುವಾದ ನೀರಿನ ಗಂಟೆಯನ್ನು 2019ರ ನವೆಂಬರಿನಲ್ಲಿ ಕರ್ನಾಟಕವೂ ತಂದಿತು. ಗಂಟೆ ಬಾರಿಸಿದೊಡನೆ ಎಲ್ಲ ಮಕ್ಕಳೂ ನೀರು ಕುಡಿಯಬೇಕು. ಯೋಚನೆ ಒಳ್ಳೆಯದೇ. ಆದರೆ ಕುಡಿದ ನೀರು ಎಲ್ಲಿಗೆ ಹೋಗಬೇಕು? ಗಂಟೆ ಬಾರಿಸಿ ಬಾಟಲಿ ಎತ್ತಿಸಿದ ಕೈಯೇ ಅರ್ಧ ತಾಸಿನ ಮೇಲೆ ಎದ್ದ ಬೆರಳನ್ನು ಕೆಳಗಿಳಿಸುತ್ತದೆ. ಒಳಹರಿವಿಗೆ ಸುತ್ತೋಲೆ ಇದೆ, ಹೊರಹರಿವಿಗೆ ಇಲ್ಲ. ನೀರಾವರಿ ಇಲಾಖೆಯವರನ್ನು ಕೇಳಿದ್ದರೂ ಹೇಳುತ್ತಿದ್ದರು. ಮಕ್ಕಳು ನೀರು ಯಾಕೆ ಕುಡಿಯುತ್ತಿರಲಿಲ್ಲ ಎಂದು ಮಕ್ಕಳನ್ನೇ ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಹೈಸ್ಕೂಲಿನ ಯಾವ ಹುಡುಗಿಯನ್ನಾದರೂ ಕೇಳಿ. ಅವಳು ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ಕಾಫಿ ಕುಡಿದು ಬಂದಿರುತ್ತಾಳೆ, ಸಂಜೆ ಮನೆಗೆ ಹೋಗುವ ತನಕ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ. ಅದು ಮರೆವಲ್ಲ. ಒಳಗೆ ಹಾಕದಿದ್ದರೆ ಹೊರಗೆ ಬರುವುದಿಲ್ಲ ಎಂಬ ಲೆಕ್ಕವನ್ನು ಅವಳು ಹತ್ತನೇ ವಯಸ್ಸಿಗೇ ಮುಗಿಸಿದ್ದಾಳೆ.

ಇಲ್ಲಿಗೆ ಅಧ್ಯಾಯಗಳ ಸಂಖ್ಯೆ ಹಾಕುವುದನ್ನು ನಿಲ್ಲಿಸುತ್ತೇನೆ. ವೇಗಗಳ ಉಪವರ್ಗೀಕರಣ, ಅಪ್ಪಣೆಯ ಅಷ್ಟಾಂಗ, ನಿರಾಕರಣೆಯ ನವರಸಗಳು ಎಂದೆಲ್ಲ ಬರೆದಿಟ್ಟುಕೊಂಡಿದ್ದ ಕಾಗದ ಇಲ್ಲೇ ಇದೆ. ಅದರಿಂದ ಪ್ರಯೋಜನವಿಲ್ಲ. ಕಾರ್ಡಿಗೆ ತೂತು ಹಾಕುವ ಶಾಲೆಯ ಬಾಗಿಲಿನಾಚೆ ಟೈಲ್ಸ್ ಹಾಕಿದ, ಫಿನಾಯಿಲ್ ವಾಸನೆಯ, ನೀರು ಬರುವ ಕೋಣೆಯೊಂದು ಇರುತ್ತದೆ. ಅಲ್ಲಿಗೆ ಹೋಗಲು ಬಿಡದಿರುವುದು ಒಂದು ಬಗೆಯ ಹಣವಂತರ ಮೂರ್ಖತನ. ಬಾಗಿಲಿನ ತನಕ ಮಾತ್ರ ಎಂದು ಹಾಕಿಕೊಂಡ ಮಿತಿಯನ್ನು ಮುರಿದು ಆಚೆ ನೋಡಿದರೆ ಈ ತಮಾಷೆ ನಡೆಯುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರದು. ಹುಡುಗರಿಗೆ, ಹುಡುಗಿಯರಿಗೆ ಬೇರೆಬೇರೆ ಶೌಚಾಲಯ ಇರಬೇಕೆಂದು ಅದರ ಅನುಸೂಚಿಯಲ್ಲೇ ಇದೆ. ಎಲ್ಲ ಶಾಲೆಗಳಿಗೂ ಆರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಒಂದು ವರ್ಷದೊಳಗೆ ಎಂದು 2014ರಲ್ಲಿ ಕೆಂಪುಕೋಟೆಯಿಂದ ಘೋಷಣೆಯಾಯಿತು. ಕಟ್ಟಿಯೂ ಕಟ್ಟಿದರು. ಹಾಗೆ ಕೇಂದ್ರದ ಸಾರ್ವಜನಿಕ ಉದ್ಯಮಗಳು ಕಟ್ಟಿಸಿದವುಗಳಲ್ಲಿ 2,695ನ್ನು ಮಹಾಲೇಖಪಾಲರ ಕಡೆಯವರು ಖುದ್ದಾಗಿ ಪರಿಶೀಲಿಸಿದರು. 2020ರಲ್ಲಿ ಸಂಸತ್ತಿನ ಮುಂದೆ ಬಂದ ವರದಿಯ ಪ್ರಕಾರ ಅವುಗಳ ಪೈಕಿ ನಿಜಕ್ಕೂ ಕಟ್ಟಿ ಮುಗಿಸಿದ್ದ ಶೌಚಾಲಯಗಳಲ್ಲಿ ಶೇ 72ರಷ್ಟಕ್ಕೆ ನಲ್ಲಿ ನೀರು ಇರಲಿಲ್ಲ. ಕೆಲವು ಕಾಗದದ ಮೇಲೆ ಮಾತ್ರ ಇದ್ದವು. ಗೋಡೆ ಇದೆ, ಬಣ್ಣ ಇದೆ, ಯಾರು ಕಟ್ಟಿಸಿದ್ದು ಎಂಬ ಫಲಕ ಇದೆ, ನೀರಿಲ್ಲ. ನೀರಿಲ್ಲದ ಶೌಚಾಲಯ ಮೂರನೇ ದಿನಕ್ಕೆ ಬೀಗ ಹಾಕಿಸಿಕೊಳ್ಳುತ್ತದೆ. ಹಾಕದೆ ಏನು ಮಾಡಿಯಾರು? ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿ. ಅವರು ತಾಲ್ಲೂಕು ಕಚೇರಿಯ ಮೀಟಿಂಗಿಗೆ ಹೋದ ದಿನ ಬೀಗದ ಕೈಯೂ ಮೀಟಿಂಗಿಗೆ ಹೋಗಿರುತ್ತದೆ.

ತೊಳೆಯುವವರು ಯಾರು ಎಂಬುದು ಇನ್ನೊಂದು. ಹಳ್ಳಿಯ ಸಣ್ಣ ಪ್ರಾಥಮಿಕ ಶಾಲೆಯಲ್ಲಿ ಅದಕ್ಕೆಂದು ನೌಕರರಿಲ್ಲ. ಆಗ ಮಕ್ಕಳ ಸರದಿ. ಸರದಿ ಎಂದರೆ ಎಲ್ಲರ ಸರದಿ ಎಂದುಕೊಳ್ಳಬೇಡಿ. ಪೊರಕೆ ಯಾವ ಕೇರಿಯ ಮಕ್ಕಳ ಕೈಗೆ ಮೊದಲು ಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ವಿಡಿಯೊ ಹೊರಬಂತು. ಅದೇ ತಿಂಗಳು ಬೆಂಗಳೂರಿನ ಒಂದು ಸರಕಾರಿ ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ವಿಡಿಯೊ. ರಕ್ಷಣಾ ಸಾಧನಗಳಿಲ್ಲದೆ ಮಲದ ಗುಂಡಿಗೆ ಯಾರನ್ನೂ ಇಳಿಸಕೂಡದೆಂದು 2013ರ ಕಾಯ್ದೆ ಹೇಳಿ ಆಗಲೇ ಹತ್ತು ವರ್ಷವಾಗಿತ್ತು. ಅಮಾನತು, ಬಂಧನ, ಸುತ್ತೋಲೆ ಎಲ್ಲ ಆಯಿತು. ಒಳಗೆ ಹೋಗಲು ಅಪ್ಪಣೆ ಸಿಗದ ಜಾಗಕ್ಕೆ ಇಳಿಯಲು ಮಾತ್ರ ಆ ಮಕ್ಕಳು ಯಾವ ಬೆರಳನ್ನೂ ಎತ್ತಬೇಕಾಗಿರಲಿಲ್ಲ.

ಅದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆತ್ತದ ಬಾಸುಂಡೆಗೆ ಸಾಕ್ಷಿಯಿದೆ. ನಲವತ್ತು ನಿಮಿಷ ಕಿಬ್ಬೊಟ್ಟೆ ಹಿಡಿದು ಕುಳಿತದ್ದಕ್ಕೆ ಬಾಸುಂಡೆ ಎಲ್ಲಿ ಏಳುತ್ತದೆ?

ಮೇಷ್ಟ್ರ ಮೇಲೆ, ಮಿಸ್ಸಿನ ಮೇಲೆ ಹರಿಹಾಯುತ್ತಲೇ ಬಂದೆ. ಅವರ ಪಕ್ಷವನ್ನು ಒಬ್ಬ ಸರಕಾರಿ ಶಾಲೆಯ ಶಿಕ್ಷಕಿ ನನ್ನೆದುರು ಇಟ್ಟಾಗ ಈ ಶಾಸ್ತ್ರದಲ್ಲಿ ಅದಕ್ಕೆ ಖಂಡನೆ ಸಿಗಲಿಲ್ಲ. ಒಂದರಿಂದ ಐದರವರೆಗೆ ಒಬ್ಬರೇ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆ್ಯಪಿನಲ್ಲಿ ಹಾಜರಿ. ಹೊರಗೆ ಬಿಟ್ಟ ಮಗು ಶಾಲೆಯ ಮುಂದಿನ ರಸ್ತೆಗೆ ಓಡಿದರೆ, ಬಾವಿಯ ಕಡೆ ಹೋದರೆ ಕೇಳುವುದು ಇವರನ್ನೇ. "ನಾನೂ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟವಳು ಸಾರ್, ಎರಡು ಬಸ್ಸು. ಸಂಜೆ ಮನೆಗೆ ಹೋದ್ಮೇಲೇ ನಂದು. ಮಕ್ಳಿಗೆ ಬೇಲಿ ಸಾಲಾದ್ರೂ ಇದೆ, ನಾನೆಲ್ಲಿಗೆ ಹೋಗ್ಲಿ?" ಎಂದರು. ಬೇಸಿಗೆಯಲ್ಲಿ ಎರಡು ಸಲ ಸೋಂಕಾಗಿ ಮಾತ್ರೆ ನುಂಗಿದ್ದರಂತೆ. ಆ ವಿಷಯವನ್ನು ನೆಗಡಿಯಾಗಿತ್ತು ಎಂಬಷ್ಟೇ ಸಲೀಸಾಗಿ ಹೇಳಿದರು. ತಾನೇ ತಡೆದುಕೊಂಡು ಕುಳಿತವರಿಗೆ ತಡೆದುಕೊಳ್ಳುವುದು ದೊಡ್ಡ ಸಂಗತಿಯಾಗಿ ಕಾಣುವುದಿಲ್ಲ. ಹಾಗೆ ಅದು ಒಬ್ಬರಿಂದ ಒಬ್ಬರಿಗೆ ಶಿಸ್ತು ಎಂಬ ಹೆಸರಿನಲ್ಲಿ ಇಳಿದು ಬರುತ್ತದೆ. ಪ್ರೋಟೋಕಾಲ್ ಬರೆದ ಸಲಹೆಗಾರರ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಂ ಇತ್ತು.

ಆ ಶಿಕ್ಷಕಿಯ ಶಾಲೆಯಲ್ಲಿ ಮಕ್ಕಳು ಅಪ್ಪಣೆ ಕೇಳುವುದಿಲ್ಲ. ಎದ್ದು ಹೋಗುತ್ತಾರೆ, ಕೈ ತೊಳೆದು ಬರುತ್ತಾರೆ, ಕೆಲವರು ತೊಳೆಯದೆ ಬರುತ್ತಾರೆ. ಇದರಿಂದ ಪಾಠ ಕೆಡುವುದಿಲ್ಲವೇ ಎಂದು ಕೇಳಿದೆ. "ಕೆಡುತ್ತೆ. ಪಾಠ ಕೆಡೋಕೆ ಇದೊಂದೇನಾ ಕಾರಣ?" ಎಂದರು.

ಗುರು ಪ್ರಕರಣ ಎಂಬ ಹೆಸರಿನಲ್ಲಿ ಎರಡು ಬೆರಳಿನ ಬಗ್ಗೆ ಪ್ರತ್ಯೇಕ ಅಧ್ಯಾಯ ಬರೆಯುವ ಯೋಜನೆ ಇತ್ತು. ಸಾಮಗ್ರಿ ಸಿಗಲಿಲ್ಲ. ನೀರಿಲ್ಲದ ಶಾಲೆಗಳಲ್ಲಿ ಎರಡು ಬೆರಳನ್ನು ಯಾರೂ ಎತ್ತುವುದಿಲ್ಲ. ಹುಡುಗರು ಗುಡ್ಡದ ಕಡೆ ಹೋಗುತ್ತಾರೆ. ಹುಡುಗಿಯರು ಹೊಟ್ಟೆನೋವು ಎಂದು ಹೇಳಿ ಮನೆಗೆ ಹೋಗುತ್ತಾರೆ. ದೊಡ್ಡವರಾದ ಮೇಲೆ ತಿಂಗಳಿಗೆ ಕೆಲವು ದಿನ ಬರುವುದೇ ಇಲ್ಲ. ಮಧ್ಯಾಹ್ನ ಮನೆಗೆ ಹೋದವರು ಅಂದು ಮರಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಅರ್ಧ ದಿನದ ಗೈರು ಬೀಳುತ್ತದೆ. ಕಾರಣ ಬರೆಯಲು ಆ ಪುಸ್ತಕದಲ್ಲಿ ಕಾಲಂ ಇಲ್ಲ. ಟೈಲ್ಸ್ ಹಾಕಿದ ಶಾಲೆಯ ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಇದೆ, ಪುಟ ತುಂಬ ಡಿಟ್ಟೊ.